ಟನಲ್‌ಗೆ ಪೈಪ್ ಬಗ್ಗಿಸುವವರು ಮರದ ಸಂದಿಗೆ ಸಿಕ್ಕಿಸಬೇಡಿ, ಬೆಂಕಿಯೂ ಬೇಡ

ಗುಂಪಿನಲ್ಲಿ ನೀವು ಹಾಕಿದ, ಎರಡು ಮರದ ಸಂದಿಗೆ ಪೈಪ್ ಸಿಕ್ಕಿಸಿ ಎಳೆಯುತ್ತಿರುವ ಫೋಟೋ ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ ಮಾರಾಯ್ರೆ. ಅಡಿಕೆ ಸಸಿಗೆ ಮಳೆಗಾಲದ ಟನಲ್ (ಪೈಪ್ ಕಮಾನಿನ ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಿದ ಗೂಡು) ಬೇಕು, 10 ಅಡಿ ಅಗಲ, ಅರ್ಧ ಇಂಚಿನ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು), ಮೆಷಿನ್‌ಗೆ ಹಾಕಲು ದುಡ್ಡಿಲ್ಲ ಅಂತ ಬರೆದಿದ್ದೀರಿ. ಪೈಪುಗಳೆಲ್ಲ ನಡುವಿನಲ್ಲೇ ಚಪ್ಪಟೆಯಾಗಿ ಮಡಚಿಕೊಂಡಿವೆ. ನಾನೂ ಶುರುವಿನಲ್ಲಿ ಹೀಗೇ ಮಾಡಿ ಪೈಪನ್ನು ಗುಜರಿಗೆ ಹಾಕಿದವನು. ಅದು ಪೈಪಿನ ತಪ್ಪಲ್ಲ. ಮರಕ್ಕೆ ತಾಗುವುದು ಒಂದೇ ಜಾಗ, ಎಳೆದ ಬಲವೆಲ್ಲ ಅಲ್ಲೇ ಬೀಳುತ್ತದೆ, ಒಳಗೆ ಟೊಳ್ಳು ಇರುವುದರಿಂದ ಅಲ್ಲೇ ಕುಸಿಯುತ್ತದೆ. ಒಮ್ಮೆ ನೆಗ್ಗಿದ ಮೇಲೆ ಎಷ್ಟು ಬಡಿದರೂ ಆ ಜಾಗಕ್ಕೆ ಮೊದಲಿನ ಬಲ ಬರುವುದಿಲ್ಲ. ಅವನ್ನು ನೆಗ್ಗಿದಲ್ಲಿ ಕತ್ತರಿಸಿ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ನಿಮ್ಮ ಫೋಟೋದ ಕೆಳಗೆ ಒಬ್ಬರು ಗ್ಯಾಸ್ ಟಾರ್ಚ್‌ನಲ್ಲಿ ಕೆಂಪಗೆ ಕಾಯಿಸಿ ಎಂದಿದ್ದಾರೆ, ಇನ್ನೊಬ್ಬರು ಮರಳು ತುಂಬಿ ಕಾಯಿಸಿ ಎಂದಿದ್ದಾರೆ. ದಯವಿಟ್ಟು ಬೇಡ. ಜಿಐ ಮೇಲಿರುವುದು ಸತು. 420 ಡಿಗ್ರಿ ಹತ್ತಿರ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಪೈಪ್ ಕೆಂಪಗಾಗುವಷ್ಟು ಕಾಯಿಸಿದರೆ ಬರುವ ಬಿಳಿ ಹೊಗೆ ಒಳಗೆ ಹೋದರೆ ಕೆಲವು ಗಂಟೆ ಬಿಟ್ಟು ಚಳಿ, ಜ್ವರ, ಮೈಕೈ ನೋವು. ನಿಮ್ಮೂರಿನ ವೆಲ್ಡಿಂಗ್‌ನವರನ್ನೇ ಕೇಳಿ ನೋಡಿ. ಸತು ಸುಟ್ಟುಹೋದ ಜಾಗದಲ್ಲಿ ನಮ್ಮ ಮಲೆನಾಡಿನ ಮಳೆಗೆ ತುಕ್ಕು ಹಿಡಿಯಲು ತಡವಾಗುವುದಿಲ್ಲ. ಇನ್ನು ಹಸಿ ಮರಳು ತುಂಬಿ, ಎರಡೂ ಬಾಯಿಗೆ ಬೆಣೆ ಹೊಡೆದು ಮುಚ್ಚಿ ಕಾಯಿಸಿದರಂತೂ ಒಳಗಿನ ನೀರು ಹಬೆಯಾಗಿ ಬೆಣೆ ಕೋವಿಯ ಗುಂಡಿನಂತೆ ಹಾರುತ್ತದೆ. ಮಕ್ಕಳು ಓಡಾಡುವ ಅಂಗಳ ಅದು.

10 ಅಡಿ ಅಗಲದ ಅರ್ಧ ವೃತ್ತದ ಕಮಾನು ಅಂದರೆ 5 ಅಡಿ ರೇಡಿಯಸ್, ಅದಕ್ಕೆ ಮರಳೂ ಬೇಡ, ಬೆಂಕಿಯೂ ಬೇಡ. ಬಾಗುವ ಉದ್ದಕ್ಕೂ ಪೈಪಿಗೆ ಆಧಾರ ಇದ್ದರೆ ಸಾಕು, ತಣ್ಣಗೇ ಬಾಗುತ್ತದೆ. ನಾನು ಮಾಡುವುದು ಹೀಗೆ. ಸೆಂಟ್ರಿಂಗ್‌ಗೆ ಬಳಸಿ ಬಿಟ್ಟ ದಪ್ಪ ಪ್ಲೈವುಡ್ ತನ್ನಿ, 8x4 ಹಾಳೆ ಇದ್ದರೆ ಒಳ್ಳೆಯದು. ಒಂದು ಮೂಲೆಗೆ ಮೊಳೆ ಹೊಡೆದು ದಾರ ಕಟ್ಟಿ 4 ಅಡಿಗೆ ಸ್ವಲ್ಪ ಕಡಿಮೆ ರೇಡಿಯಸ್‌ನಲ್ಲಿ ಕಾಲು ವೃತ್ತ ಎಳೆಯಿರಿ. ಆ ಗೆರೆಯ ಒಳಬದಿಗೆ ಗಟ್ಟಿ ಮರದ ತುಂಡುಗಳನ್ನು ನಾಲ್ಕೈದು ಇಂಚಿಗೆ ಒಂದರಂತೆ ಕೂರಿಸಿ. ಒಂದೊಂದಕ್ಕೂ ಎರಡು ಸ್ಕ್ರೂ. ಮೊಳೆ ಹೊಡೆದರೆ ಎರಡನೇ ಪೈಪಿಗೇ ತುಂಡು ತಿರುಗಿಬಿಡುತ್ತದೆ. ತುಂಡಿನ ಎತ್ತರ ಪೈಪಿಗಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಪೈಪ್ ಮೇಲೆ ಹತ್ತಿ ಜಾರುತ್ತದೆ. ಶುರುವಿನ ತುದಿಯಲ್ಲಿ ಪೈಪ್ ಹಿಡಿಸುವಷ್ಟು ಸಂದಿ ಬಿಟ್ಟು ಹೊರಗಡೆಗೂ ಒಂದು ಉದ್ದನೆಯ ತುಂಡು ಹಾಕಿ, ಪೈಪಿನ ಬಾಲ ಹಿಡಿದುಕೊಳ್ಳುವುದು ಅದೇ. ಹಲಗೆ ಅಲ್ಲಾಡದ ಹಾಗೆ ನೆಲಕ್ಕೆ ಗೂಟ ಹೊಡೆದು ಬಿಗಿ ಮಾಡಿ.

ಬೇಕಿರುವುದು 5 ಅಡಿ, ಹಲಗೆ ಮೇಲೆ 4 ಅಡಿ ಯಾಕೆ ಅಂದರೆ, ಬಿಟ್ಟ ತಕ್ಷಣ ಪೈಪ್ ವಾಪಸ್ ಬಿಚ್ಚಿಕೊಳ್ಳುತ್ತದೆ. ಬಾಗಿನ ರೇಡಿಯಸ್ ಎಷ್ಟು ದೊಡ್ಡದೋ ಬಿಚ್ಚುವುದು ಅಷ್ಟು ಜಾಸ್ತಿ. ಮುಕ್ಕಾಲು ಇಂಚಿನ ಪೈಪಾದರೆ ನಾಲ್ಕೂಕಾಲು ಅಡಿ ಇಟ್ಟು ನೋಡಿ. ಪೈಪಿನ ಗಟ್ಟಿತನದ ಮೇಲೆ ಇದು ಬದಲಾಗುತ್ತದೆ, ಹಾಗಾಗಿ ಮೊದಲು ಒಂದನ್ನೇ ಬಗ್ಗಿಸಿ. ಅಂಗಳದಲ್ಲಿ ಸುಣ್ಣದಿಂದ 5 ಅಡಿಯ ಅರ್ಧ ವೃತ್ತ ಎಳೆದು ಅದರ ಮೇಲಿಟ್ಟು ಅಳೆಯಿರಿ, ಆಮೇಲೆ ತುಂಡುಗಳನ್ನು ಸರಿಸಿ. ಸ್ವಲ್ಪ ಜಾಸ್ತಿ ಬಾಗಿದ್ದರೆ ಇಬ್ಬರು ಎರಡು ತುದಿ ಹಿಡಿದು ಅಗಲಿಸಬಹುದು.

ಲೆಕ್ಕ ಮೊದಲೇ ಹಾಕಿಕೊಳ್ಳಿ. 5 ಅಡಿ ರೇಡಿಯಸ್‌ನ ಅರ್ಧ ವೃತ್ತಕ್ಕೆ 15.7 ಅಡಿ ಬೇಕು. 6 ಮೀಟರ್ ಪೈಪ್ ಅಂದರೆ 19.7 ಅಡಿ. ಎರಡೂ ಕಡೆ 2 ಅಡಿ ನೇರ ಕಾಲು ಉಳಿಯುತ್ತದೆ, ಅದನ್ನು ಬಗ್ಗಿಸಲೇಬೇಡಿ. ಎರಡು ಅಡಿಗೆ ಗುರುತು ಹಾಕಿ, ಅಲ್ಲಿಂದ ಸಿಕ್ಕಿಸಿ, ಝಟ್ಟನೆ ಎಳೆಯದೆ ನಡೆದುಕೊಂಡು ಸುತ್ತಿಸಿ. ಕಾಲು ವೃತ್ತ ಮುಗಿದ ಮೇಲೆ ಪೈಪನ್ನು ಮುಂದೆ ಸರಿಸಿ, ಬಾಗಿದ ಭಾಗ ಒಂದು ಅಡಿಯಾದರೂ ಜಿಗ್‌ನಲ್ಲೇ (ತುಂಡು ಕೂರಿಸಿದ ಆ ಹಲಗೆಯಲ್ಲೇ) ಇರಲಿ. ಕೊನೆಗೆ ಹಿಡಿಯಲು ಉದ್ದ ಸಾಲದಿದ್ದರೆ ಒಂದು ಇಂಚಿನ ಪೈಪ್ ತುಂಡನ್ನು ತುದಿಗೆ ತೂರಿಸಿ ಎಳೆಯಿರಿ.

ಸರಿಸುವಾಗಲೇ ಎಲ್ಲರೂ ಎಡವುವುದು. ಪೈಪ್ ಸ್ವಲ್ಪ ತಿರುಗಿದರೂ ಕಮಾನು ತಿರುಚಿಕೊಳ್ಳುತ್ತದೆ, ನೆಲದ ಮೇಲೆ ಇಟ್ಟರೆ ಒಂದು ಕಾಲು ಮೇಲೇಳುತ್ತದೆ. ಬಗ್ಗಿಸುವ ಮೊದಲೇ ಪೈಪಿನ ಉದ್ದಕ್ಕೂ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದು, ಆ ಗೆರೆ ಯಾವಾಗಲೂ ಆಕಾಶ ನೋಡುವ ಹಾಗೆ ಇಟ್ಟುಕೊಳ್ಳಿ. ಆ ಗೆರೆಯನ್ನು ವೆಲ್ಡಿಂಗ್ ಜೋಡಣೆಯ ಮೇಲೇ ಎಳೆದರೆ ಇನ್ನೂ ಒಳ್ಳೆಯದು. ಜೋಡಣೆ ಮೇಲ್ಗಡೆ ಇದ್ದರೆ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ, ಬಿರಿಯುವ ಭಯ ಕಡಿಮೆ. ಹೊರಗೆ ಸತುವಿನಡಿ ಜೋಡಣೆ ಕಾಣದಿದ್ದರೆ ಪೈಪಿನ ಬಾಯಿಯೊಳಗೆ ಬ್ಯಾಟರಿ ಟಾರ್ಚ್ ಬಿಟ್ಟು ನೋಡಿ.

ಪೈಪ್ ತರುವಾಗಲೂ ಎಚ್ಚರ. ಹೆಸರಿಲ್ಲದ ತೆಳು ಪೈಪನ್ನು ಇದೂ ಜಿಐ ತಾನೇ ಅಂತ ತರುತ್ತೀರಿ, ಆಮೇಲೆ ಒಳಬದಿ ಸುಕ್ಕು ಬಂತು ಅಂತ ಗುಂಪಿನಲ್ಲಿ ಕೇಳುತ್ತೀರಿ. ಐಎಸ್ 1239 (ಉಕ್ಕಿನ ಪೈಪಿನ ಭಾರತೀಯ ಮಾನದಂಡ) ಅಂತ ಅಚ್ಚಾಗಿರುವುದನ್ನೇ ತೆಗೆದುಕೊಳ್ಳಿ. ಹಳದಿ ಪಟ್ಟಿ ಲೈಟ್, ನೀಲಿ ಮೀಡಿಯಂ, ಕೆಂಪು ಹೆವಿ. ಟನಲ್‌ಗೆ ಹಳದಿ ನಡೆಯುತ್ತದೆ, ಗಾಳಿ ಬಡಿಯುವ ಗುಡ್ಡದ ಮೇಲಾದರೆ ನೀಲಿ ಹಾಕಿ. ಕೆಂಪು ಸುಮ್ನೆ ದಂಡ. ನನಗೆ ಟಾಟಾ ಮತ್ತು ಅಪೊಲೊ ಎರಡೂ ಚೆನ್ನಾಗಿ ಬಾಗಿವೆ. ಅನುಮಾನ ಬಂದರೆ ಅಂಗಡಿಯಲ್ಲೇ ತೂಕ ಹಾಕಿಸಿ. ಅರ್ಧ ಇಂಚಿನ ಮೀಡಿಯಂ 6 ಮೀಟರಿಗೆ ಏಳು ಕೆಜಿ ಮೇಲೆ ಬರಬೇಕು, ಲೈಟ್ ಐದೂವರೆ ಮೇಲೆ.

ಮರಳು ಬೇಕಾಗುವುದು ಗೇಟಿನ ಹಿಡಿ, ಕುರ್ಚಿ ಕಾಲಿನಂಥ ಸಣ್ಣ ಬಾಗಿಗೆ. ಅಲ್ಲೂ ತಣ್ಣಗೇ ಬಗ್ಗಿಸಿ. ಜರಡಿ ಹಿಡಿದು ಚೆನ್ನಾಗಿ ಒಣಗಿಸಿದ ಮರಳನ್ನು ಸುತ್ತಿಗೆಯಲ್ಲಿ ಪೈಪ್ ತಟ್ಟುತ್ತಾ ತುಂಬಿ. ಸಡಿಲ ಉಳಿದರೆ ತುಂಬಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಎರಡೂ ಕಡೆ ಮರದ ಬೆಣೆ ಹೊಡೆಯಿರಿ. ಚೌಕ ಪೈಪನ್ನು ಮನೆಯಲ್ಲಿ ಬಗ್ಗಿಸುವ ಆಸೆ ಬಿಡಿ, ವಿ ಆಕಾರದಲ್ಲಿ ಕತ್ತರಿಸಿ ಮಡಚಿ ವೆಲ್ಡ್ ಮಾಡಿಸಿ. ಪ್ಲಂಬಿಂಗ್‌ನವರ ಹೈಡ್ರಾಲಿಕ್ ಬೆಂಡರ್ ಬಾಡಿಗೆಗೆ ತಂದರೂ ನಿಮಗೆ ಪ್ರಯೋಜನವಿಲ್ಲ, ಅದು ಮೂಲೆ ತಿರುಗಿಸಲು ಇರುವುದು. ಕಮಾನಿಗೆ ಮೂರು ರೋಲರ್‌ನ ಮೆಷಿನ್ ಬೇಕು. ಪೇಟೆಯ ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ಕೇಳಿ, ಹತ್ತಿಪ್ಪತ್ತು ಕಮಾನು ಒಟ್ಟಿಗೆ ಕೊಟ್ಟರೆ ಕೆಲವೊಮ್ಮೆ ಪ್ಲೈವುಡ್ ಖರ್ಚಿಗಿಂತ ಸೋವಿಯಾಗುತ್ತದೆ.

ಕಮಾನಿನ ಕಾಲನ್ನು ನೇರ ಮಣ್ಣಿಗೆ ಹೂಳಬೇಡಿ. ಒಂದು ಇಂಚಿನ ಪೈಪನ್ನು ಎರಡೂವರೆ ಅಡಿಗೆ ಕತ್ತರಿಸಿ, ಎರಡು ಅಡಿ ನೆಲಕ್ಕೆ ಹೊಡೆದು, ಕಾಲನ್ನು ಅದರೊಳಗೆ ಅರ್ಧ ಅಡಿ ಇಳಿಸಿ, ತೂತು ಕೊರೆದು ಬೋಲ್ಟ್ ಹಾಕಿ. ಹೊಡೆಯುವಾಗ ತುದಿ ಅರಳದಂತೆ ಮೇಲೊಂದು ಮರದ ತುಂಡು ಇಡಿ. ಬಗ್ಗಿಸುವಾಗ ಗೀರು ಬಿದ್ದ ಕಡೆ ಜಿಂಕ್ ಪೇಂಟ್ ಬಳಿಯಿರಿ. ಶೀಟ್ ಹೊದಿಸುವ ಮೊದಲು ಕಮಾನಿನ ಮೇಲ್ಬದಿಗೆ ಬಿಳಿ ಬಟ್ಟೆ ಪಟ್ಟಿ ಸುತ್ತಿ. ಬಿಸಿಲಿಗೆ ಕಾದ ಪೈಪ್ ತಾಗಿದ ಕಡೆಯೇ 200 ಮೈಕ್ರಾನ್ ಶೀಟ್ ಮೊದಲು ಹರಿಯುವುದು.