ಮರ ಹಾಸಿದ ಬೀದಿಗಳು
ಪ್ರಶ್ನೆ: ಹಿಂದೆ ಪರದೇಶದ ನಗರಗಳಲ್ಲಿ ಬೀದಿಗೆ ಕಲ್ಲಿನ ಬದಲು ಮರ ಹಾಸುತ್ತಿದ್ದರಂತೆ. ನಮ್ಮ ಮಳೆಗೆ ತೋಟದ ಬೇಲಿಗೂಟವೇ ಬುಡ ಕೊಳೆತು ಬೀಳುವಾಗ ಇದು ನಂಬುವ ಮಾತೇ? ಕುರುಹು ಎಲ್ಲಾದರೂ ಉಳಿದಿದೆಯೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಂಬಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್, ಪ್ಯಾರಿಸ್, ಷಿಕಾಗೊ, ಸಿಡ್ನಿಗಳ ಅನೇಕ ಬೀದಿಗಳಿಗೆ ಇಟ್ಟಿಗೆಯಾಕಾರದ ಮರದ ತುಂಡುಗಳನ್ನು ಹಾಸಿದ್ದುಂಟು. ಹಲಗೆಯಂತೆ ಮಲಗಿಸದೆ, ಕಡಿದ ಮೈ ಮೇಲೆ ಬರುವಂತೆ ನಾರನ್ನು ನೆಟ್ಟಗೆ ನಿಲ್ಲಿಸುತ್ತಿದ್ದುದೇ ಅದರ ಗುಟ್ಟು; ಕೊಡಗಿನ ಮನೆಗಳಲ್ಲಿ ಹಂದಿಮಾಂಸ ಕೊಚ್ಚುವ ಕೊರಡು ವರ್ಷಗಟ್ಟಲೆ ಕತ್ತಿಯೇಟು ತಾಳುವುದೂ ಇದೇ ಕಾರಣಕ್ಕೆ. ಕುದುರೆ ಲಾಳದ ಸದ್ದು ಅಡಗುತ್ತಿದ್ದುದರಿಂದ ಬೀದಿಯ ಮನೆಯವರಿಗೂ ಅದು ಹಿಡಿಸಿತ್ತು. ಆದರೆ ನಿಮ್ಮ ಅನುಮಾನವೂ ಸುಳ್ಳಲ್ಲ: ಮರ ಕೊಳೆಯದಂತೆ ಕಾಯುವ ಕ್ರಿಯೋಸೋಟ್ ಎಣ್ಣೆ ಕುಡಿಸಿದರೂ ತುಂಡುಗಳು ನೀರು ಹೀರಿ ಉಬ್ಬಿ ಮೇಲೇಳುತ್ತಿದ್ದವು, ಕುದುರೆಗಳ ಮೂತ್ರ ಇಂಗಿ ಬೇಸಿಗೆಯಲ್ಲಿ ನಾರುತ್ತಿದ್ದವು.

ಲಂಡನ್ನಿನ ಚೆಕರ್ ಬೀದಿಯಲ್ಲಿ ಇದರ ಒಂದು ತುಣುಕು, ಫಿಲಡೆಲ್ಫಿಯಾದ ಕ್ಯಾಮಕ್ ಬೀದಿಯಲ್ಲಿ ಇನ್ನೊಂದು ಉಳಿದಿವೆ. ಷಿಕಾಗೊದ ಆಸ್ಟರ್ ಬೀದಿಯ ಹಿಂದೆ 1909ರಲ್ಲಿ ಹಾಸಿದ ಓಣಿಯನ್ನು 2011ರಲ್ಲಿ ಮರದಿಂದಲೇ ದುರಸ್ತಿ ಮಾಡಿದರು. ಅದಕ್ಕೆ ಆರಿಸಿದ್ದು ಸುಲಭಕ್ಕೆ ಕೊಳೆಯದ ಬ್ಲ್ಯಾಕ್ ಲೋಕಸ್ಟ್ ಮರವನ್ನು. ಅಮೆರಿಕದ ರೈತರು ಬೇಲಿಗೂಟಕ್ಕೆ ನೆಚ್ಚಿಕೊಂಡು ಬಂದದ್ದೂ ಅದೇ ಮರವನ್ನು.