ಕೀ ಜೇಬಿನಲ್ಲಿ, ಕಾರು ಚಾಲೂ

ಪ್ರಶ್ನೆ: ನಮ್ಮದು ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಕಾರು, ಗುಂಡಿ ಒತ್ತಿ ಸ್ಟಾರ್ಟ್ ಮಾಡುವಂಥದ್ದು. ಮೊನ್ನೆ ಅಪ್ಪ ಬೇಸ್‌ಮೆಂಟಿನಲ್ಲಿ ನಿಲ್ಲಿಸಿ, ಆಫ್ ಮಾಡದೆ ಮೇಲೆ ಬಂದುಬಿಟ್ಟಿದ್ದರು. ಕೀ ಅವರ ಜೇಬಿನಲ್ಲೇ ಇತ್ತು. ಕೀ ದೂರ ಹೋದರೆ ಕಾರು ತಾನಾಗಿ ನಿಲ್ಲಬೇಕಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ನಿಲ್ಲುವುದಿಲ್ಲ. ಅದು ದೋಷವೂ ಅಲ್ಲ. ಇಂಥ ಕಾರು ಕೀಯನ್ನು ಮುಖ್ಯವಾಗಿ ಹುಡುಕುವುದು ಸ್ಟಾರ್ಟ್ ಮಾಡುವ ಹೊತ್ತಿಗೆ. ಓಡುತ್ತಿರುವಾಗ ಕೀಯೊಳಗಿನ ಸೆಲ್ ಸತ್ತರೆ ಹೆದ್ದಾರಿಯ ನಡುವೆ ಎಂಜಿನ್ ನಿಂತುಹೋಗಬಾರದಲ್ಲ, ಅದಕ್ಕೇ ಹೀಗೆ. ಕೀ ಹೊರಗೆ ಹೋದರೆ ಪೀಂ ಪೀಂ ಎಂದು ಎಚ್ಚರಿಸುತ್ತದೆ, ಅಷ್ಟೇ. ಬೇಸ್‌ಮೆಂಟಿನ ಗದ್ದಲದಲ್ಲಿ, ಕಿವಿ ಮಂದವಾದವರಿಗೆ ಅದೂ ಕೇಳಿಸದು. ಬಾಗಿಲ ಹಿಡಿಯ ಗುಂಡಿ ಒತ್ತಿದಾಗ ಲಾಕ್ ಆಗದೆ ಬೀಪ್ ಬಂತೆಂದರೆ ಕಾರು ಇನ್ನೂ ಚಾಲೂ ಇರಬಹುದೆಂದು ಮೊದಲು ಅನುಮಾನಿಸಿ.

ಹೈಬ್ರಿಡ್‌ನಲ್ಲಿ ಮೋಸಹೋಗುವುದು ಇನ್ನೂ ಸುಲಭ. ಬ್ಯಾಟರಿಯ ಮೇಲೆ ನಿಂತ ಕಾರಿಗೆ ಸದ್ದೇ ಇಲ್ಲ. ಆದರೆ ಮೀಟರಿನಲ್ಲಿ ‘ರೆಡಿ’ ದೀಪ ಉರಿಯುತ್ತಿದ್ದರೆ ಅದು ಹೊರಡಲು ಸಿದ್ಧವಾಗಿದೆ ಎಂದರ್ಥ. ಎಸಿ ಚಾರ್ಜ್ ಹೀರುತ್ತಾ ಹೋಗಿ ಬ್ಯಾಟರಿ ಇಳಿದಾಗ, ನೀವು ಮೂರನೇ ಮಹಡಿಯಲ್ಲಿ ಊಟಕ್ಕೆ ಕೂತಿರುವಾಗ, ಎಂಜಿನ್ ತಾನೇ ಶುರುವಾಗುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್ ಹೈಬ್ರಿಡ್‌ಗಳಿಗೂ ಈ ಮಾತು ಸಲ್ಲುತ್ತದೆ.

ಪೆಟ್ರೋಲು ಪೋಲಾಗುವುದು ಸಣ್ಣ ವಿಷಯ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತೆರೆದ ಬೇಸ್‌ಮೆಂಟಿಗಿಂತ ಮನೆಗೆ ಅಂಟಿದ, ಶಟರ್ ಎಳೆದ ಗ್ಯಾರೇಜು ಹೆಚ್ಚು ಅಪಾಯ. ಅಮೆರಿಕದಲ್ಲಿ ಹೀಗೆ ಸಾವುಗಳಾದ ಮೇಲೆ ಟೊಯೋಟಾ ಅಲ್ಲಿ 2020ರ ಮಾದರಿಗಳಿಂದ ತಾನಾಗಿ ಆಫ್ ಆಗುವ ಸೌಲಭ್ಯ ಕೊಡುವುದಾಗಿ ಪ್ರಕಟಿಸಿತು. ಅಲ್ಲಿನ 2021ರ ಮೂಲಸೌಕರ್ಯ ಕಾನೂನಿನಲ್ಲೂ ಇದರ ಬಗ್ಗೆ ನಿಯಮ ಮಾಡಬೇಕೆಂಬ ಅಂಶ ಸೇರಿತು. ಅಲ್ಲಿನ ಮಾದರಿಯಲ್ಲಿ ಇದೆಯೆಂದು ಇಲ್ಲಿಯದರಲ್ಲೂ ಇದೆ ಎಂದುಕೊಳ್ಳಬೇಡಿ. ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ.

ಅಪ್ಪನಿಗೆ ಒಂದು ಕ್ರಮ ರೂಢಿ ಮಾಡಿಸಿ: ಬ್ರೇಕ್ ಮೇಲಿನ ಕಾಲು ತೆಗೆಯದೆ ಗೇರ್ ‘ಪಿ’ಗೆ (ಪಾರ್ಕ್), ಪಾರ್ಕಿಂಗ್ ಬ್ರೇಕ್, ಆಮೇಲೆ ಗುಂಡಿ ಒಂದೇ ಸಲ. ರೆಡಿ ದೀಪ ಆರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಬಾಗಿಲು ತೆಗೆಯಲಿ. ‘ಪಿ’ಗೆ ಹಾಕದೆ ಒತ್ತಿದರೆ ಹಲವು ಕಾರುಗಳು ಪೂರ್ತಿ ಆಫ್ ಆಗದೆ, ರೇಡಿಯೋದಂಥವು ಮಾತ್ರ ಚಾಲೂ ಇರುವ ಎಸಿಸಿ (ಆಕ್ಸೆಸರಿ) ಸ್ಥಿತಿಯಲ್ಲಿ ಉಳಿಯುತ್ತವೆ. ಆಗ ಬಡಪಾಯಿ 12 ವೋಲ್ಟ್ ಬ್ಯಾಟರಿಗೆ ಪೆಟ್ಟು.

ಪ್ರಶ್ನೆ: ನಮ್ಮ ಫೋರ್ಡ್ ನಿಂತಲ್ಲೇ ಅರ್ಧ ಗಂಟೆ ಚಾಲೂ ಇದ್ದರೆ ತಾನೇ ಆಫ್ ಆಗುತ್ತದೆ. ಚಳಿಗಾಲದಲ್ಲಿ ಮಗು ಒಳಗೆ ಮಲಗಿರುವಾಗ ಹೀಟರ್ ನಿಂತುಹೋಗುತ್ತದೆ. ತಪ್ಪಿಸುವುದು ಹೇಗೆ?
– ಓದುಗರು, ಮಿಷಿಗನ್

ಉತ್ತರ: ಆಫ್ ಆಗುವ ಮುಂಚೆ ಪರದೆಯ ಮೇಲೆ 30 ಸೆಕೆಂಡುಗಳ ಎಣಿಕೆ ಬರುತ್ತದೆ. ಆಗ ಬ್ರೇಕ್ ಅಥವಾ ಆಕ್ಸಿಲರೇಟರ್ ಒತ್ತಿದರೆ ಸಾಕು, ಲೆಕ್ಕ ಮೊದಲಿನಿಂದ ಶುರು. ವಾಹನದ ಸೆಟ್ಟಿಂಗ್ಸ್‌ನಲ್ಲಿ ‘30 ಮಿನ್ ಮ್ಯಾಕ್ಸ್ ಐಡಲ್’ ಎಂಬುದನ್ನು ತೆಗೆಯಬಹುದು. ಆದರೆ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಅದು ಮತ್ತೆ ಹಾಜರ್. ಶಾಶ್ವತವಾಗಿ ತೆಗೆಯಲು ಬಿಡುವುದಿಲ್ಲ, ಬಿಡದಿರುವುದೇ ಸರಿ. ಹಿಮ ಬಿದ್ದಿದ್ದರೆ ಮೊದಲು ಕೆಳಗಿಳಿದು ಸೈಲೆನ್ಸರ್ ಕೊಳವೆಯ ಸುತ್ತ ಬಿಡಿಸಿ. ಬಾಯಿ ಮುಚ್ಚಿದರೆ ಹೊಗೆ ಕಾರಿನೊಳಗೇ ನುಗ್ಗಬಹುದು.

ಪ್ರಶ್ನೆ: ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುವುದೂ ಇದೇ ಸೌಲಭ್ಯವೇ?
– ಓದುಗರು, ದಾವಣಗೆರೆ

ಉತ್ತರ: ಅಲ್ಲ. ಅದು ಐಡಲ್ ಸ್ಟಾಪ್, ಇಂಧನ ಉಳಿಸಲಿಕ್ಕೆ. ಸುತ್ತು ಬಾಣದೊಳಗೆ ‘ಎ’ ಇರುವ ಗುಂಡಿ ಒತ್ತಿ ಬೇಡವೆನ್ನಬಹುದು. ಎಂಜಿನ್ ಹಾಗೆ ನಿಂತಿರುವಾಗ ಆಫ್ ಆಗಿದೆಯೆಂದು ಇಳಿದು ಹೋಗಬೇಡಿ, ಮತ್ತೆ ಶುರುವಾಗಬಹುದು. ಬ್ಯಾಟರಿ ಬದಲಿಸುವಾಗ ಅಂಗಡಿಯವರು ಸಾದಾ ಬ್ಯಾಟರಿ ಕೊಟ್ಟರೆ ಒಪ್ಪಬೇಡಿ. ಐಡಲ್ ಸ್ಟಾಪ್ ಕಾರಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿ ಬೇಕು; ಹಳೆಯದರ ಮೇಲೆ ಯಾವುದೆಂದಿದೆಯೋ ನೋಡಿ ಅದೇ ಬಗೆಯದನ್ನು ಹಾಕಿಸಿ.