ಹಾಕಿ ತಂಡ ಸೋಲುತ್ತಿದ್ದರೆ ತಪ್ಪು ಕೋಚ್‌ನದೋ, ಆಟಗಾರರದೋ?

ಸಾಮಾನ್ಯವಾಗಿ ಇಬ್ಬರದೂ. ಯಾರನ್ನು ಎಲ್ಲಿ ಆಡಿಸಬೇಕು, ಹೇಗೆ ತಯಾರು ಮಾಡಬೇಕು ಎಂಬುದು ಕೋಚ್ ಕೈಯಲ್ಲಿದೆ. ಚೆಂಡು ಸ್ಟಿಕ್ಕಿಗೆ ತಾಗುವ ಕ್ಷಣ ಆಟಗಾರನದು. ಹಾಗಾಗಿ ಒಂದು ಪಂದ್ಯ ಕೈತಪ್ಪಿದರೆ ಆಟಗಾರರನ್ನು ಕೇಳಿ, ಅದೇ ತಪ್ಪು ಮರುಕಳಿಸಿದರೆ ತಯಾರಿಯನ್ನು ಪ್ರಶ್ನಿಸಿ.

2023ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 3-1ರಿಂದ ಮುಂದಿದ್ದ ಭಾರತ, 3-3 ಸಮವಾಗಿ, ಗೆಲುವು ನಿರ್ಧರಿಸುವ ಶೂಟೌಟ್‌ನಲ್ಲಿ ಸೋತಿತು. ರಾಜೀನಾಮೆ ಕೊಟ್ಟವರು ಕೋಚ್ ಗ್ರಹಾಂ ರೀಡ್. ಟೋಕಿಯೊ ಒಲಿಂಪಿಕ್ಸ್ ಕಂಚಿನ ಹಿಂದಿದ್ದವರೂ ಅವರೇ! ಹೊಣೆಯೆಲ್ಲ ಅವರೊಬ್ಬರ ತಲೆಗೆ ಬಂದದ್ದು ನನಗೆ ಇಂದಿಗೂ ಸರಿ ಕಾಣದು. ಆಮೇಲೆ ಕ್ರೇಗ್ ಫುಲ್ಟನ್ ಕೋಚ್ ಆದರು, ಒತ್ತಡ ನಿಭಾಯಿಸಲು ಕಲಿಸುವುದಕ್ಕೆ ಪ್ಯಾಡಿ ಅಪ್ಟನ್ ಬಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಅದೇ ಆಟಗಾರರು ಬ್ರಿಟನ್ ಎದುರು 10 ಮಂದಿಯೇ ಉಳಿದರೂ ಪಂದ್ಯವನ್ನು ಶೂಟೌಟ್‌ವರೆಗೆ ಎಳೆದು ಗೆದ್ದರು.